ಮಾತಿನ ಗೋಮಾಳ

ಚರಿತ್ರೆಯ ವಿಷಯ ಬರೆಯಲು ಕುಳಿತು ಚಟ್ನಿಪುಡಿಯಿಂದ ಆರಂಭಿಸುತ್ತಿರುವುದಕ್ಕೆ ಓದುಗರು ಮನ್ನಿಸಬೇಕು. ಮೈಸೂರಿನಲ್ಲಿರುವ ನಮ್ಮ ಅತ್ತಿಗೆಯವರು ಏಳೆಂಟು ವರ್ಷಗಳಿಂದ ಮನೆಯಲ್ಲೇ ಚಟ್ನಿಪುಡಿ, ಹುಳಿಪುಡಿ, ಸಾರಿನಪುಡಿ ಮಾಡಿ ಮಾರುತ್ತಿದ್ದಾರೆ. ಅಣ್ಣ ನಿವೃತ್ತನಾದ ಮೇಲೆ ಹೊತ್ತು ಹೋಗಲೆಂದು ಶುರುವಾದ ಕೆಲಸ ಈಗ ಮನೆಯ ಖರ್ಚಿನಲ್ಲಿ ಅರ್ಧವನ್ನು ಹೊರುತ್ತಿದೆ. ಪೊಟ್ಟಣದ ಮೇಲೆ ಒಂದು ಹೆಸರಿರಲಿ ಎಂದು ಒಂದು ಪದವನ್ನು ಅಚ್ಚು ಹಾಕಿಸಿದ್ದರು. ಆ ಪದ ಯಾವುದೆಂದು ನಾನಿಲ್ಲಿ ಬರೆಯುವಂತಿಲ್ಲ. ಬರೆದರೆ ನನಗೂ ಒಂದು ನೋಟೀಸು ಬಂದೀತು. ಕನ್ನಡ ಮಾತಾಡುವ ಯಾವ ಮನೆಯಲ್ಲಾದರೂ ಊಟಕ್ಕೆ ಕುಳಿತವರು ದಿನಕ್ಕೆ ನಾಲ್ಕು ಸಲ ಆಡುವ ಮಾತು, ತೊದಲು ನುಡಿಯುವ ಮಗುವಿಗೂ ಗೊತ್ತಿರುವ ಮಾತು, ಎಂದರೆ ಸಾಕು.

ಕಳೆದ ವರ್ಷ ಒಂದು ದಿನ ಅಂಚೆಯವನು ಸಹಿ ಹಾಕಿಸಿಕೊಂಡು ಒಂದು ಉದ್ದನೆಯ ಲಕೋಟೆ ಕೊಟ್ಟು ಹೋದ. ಒಳಗೆ ಇಂಗ್ಲಿಷಿನಲ್ಲಿ ನಾಲ್ಕು ಪುಟ. ದೂರದ ಊರಿನ ಒಂದು ದೊಡ್ಡ ಕಂಪನಿಯ ಪರವಾಗಿ ವಕೀಲರು ಬರೆದದ್ದು. ಸದರಿ ಪದವು ತಮ್ಮ ಕಕ್ಷಿದಾರರ ಸ್ವತ್ತು. ಅದನ್ನು ಉಪಯೋಗಿಸುವುದನ್ನು ಹದಿನೈದು ದಿನಗಳೊಳಗೆ ನಿಲ್ಲಿಸತಕ್ಕದ್ದು. ಉಳಿದಿರುವ ಪೊಟ್ಟಣಗಳನ್ನು ನಾಶಪಡಿಸತಕ್ಕದ್ದು. ತಪ್ಪಿದಲ್ಲಿ ನಷ್ಟಪರಿಹಾರಕ್ಕಾಗಿ ದಾವೆ ಹೂಡಲಾಗುವುದು. ಅತ್ತಿಗೆ ನನಗೆ ಫೋನು ಮಾಡಿ, "ಏನಪ್ಪಾ, ನೀನು ಅಷ್ಟೊಂದು ಓದಿದವನು. ಆಡೋ ಮಾತನ್ನ ಯಾರಾದರೂ ತಮ್ಮ ಹೆಸರಿಗೆ ಬರೆಸಿಕೊಳ್ಳೋದಕ್ಕೆ ಆಗತ್ತೇನೋ?" ಎಂದು ಕೇಳಿದರು. ಮೂವತ್ತು ವರ್ಷ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿದ ನನ್ನಲ್ಲಿ ಆ ಹೊತ್ತಿಗೆ ಉತ್ತರವಿರಲಿಲ್ಲ. ನೋಡಿ ಹೇಳುತ್ತೇನೆ ಎಂದೆ. ಆಮೇಲೆ ನೋಡಿದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಸರಕಿನ ಮೇಲೆ ಗುರುತು ಒತ್ತುವುದು ಹಳೆಯ ಪದ್ಧತಿ, ನ್ಯಾಯವಾದ ಪದ್ಧತಿಯೂ ಹೌದು. ಒಬ್ಬ ಕಷ್ಟಪಟ್ಟು ಒಳ್ಳೆಯ ಹೆಸರು ಸಂಪಾದಿಸಿದ ಮೇಲೆ ಇನ್ನೊಬ್ಬ ತನ್ನ ಕಳಪೆ ಮಾಲಿಗೆ ಅದೇ ಗುರುತು ಒತ್ತಿ ಮಾರಿದರೆ ಕೊಳ್ಳುವವನಿಗೂ ಮೋಸ, ಮಾಡಿದವನಿಗೂ ಮೋಸ. ಇದನ್ನು ತಡೆಯಲು ಇಂಗ್ಲೆಂಡಿನಲ್ಲಿ 1875ರಲ್ಲಿ ಒಂದು ಕಾಯಿದೆಯಾಯಿತು. 1876ರ ಜನವರಿ 1ರಂದು ದಫ್ತರು ತೆರೆಯಿತು. ಮೊದಲ ನಂಬರಿನಲ್ಲಿ ದಾಖಲಾದದ್ದು ಬಾಸ್ ಎಂಬ ಬಿಯರ್ ಕಂಪನಿಯ ಕೆಂಪು ತ್ರಿಕೋನ. ತ್ರಿಕೋನವನ್ನು ಯಾರು ಇಟ್ಟುಕೊಂಡರೂ ಲೋಕಕ್ಕೆ ಕೊರತೆಯಿಲ್ಲ. ಆದರೆ 1883ರ ಕಾಯಿದೆ ಸಾಮಾನ್ಯ ಬಳಕೆಯಲ್ಲಿಲ್ಲದ ಪದಗಳಿಗೂ ಬಾಗಿಲು ತೆರೆಯಿತು, 1905ರ ಕಾಯಿದೆ ಆ ಬಾಗಿಲನ್ನು ಇನ್ನಷ್ಟು ಅಗಲ ಮಾಡಿತು. ಬಾಗಿಲು ಅಗಲವಾದ ಮೇಲೆ ಒಳಕ್ಕೆ ನುಗ್ಗುವವರಿಗೇನು ಬರ?

ನುಗ್ಗಿದವರಲ್ಲಿ ಮುಖ್ಯರು ವಾರಿಂಗ್ಟನ್ ಎಂಬ ಊರಿನ ಸಾಬೂನು ತಯಾರಕರು, ಜೋಸೆಫ್ ಕ್ರಾಸ್‌ಫೀಲ್ಡ್ ಮತ್ತು ಮಕ್ಕಳು. ಅವರ ಒಂದು ಸಾಬೂನಿನ ಹೆಸರು 'ಪರ್ಫೆಕ್ಷನ್'. ಎಂದರೆ ಪರಿಪೂರ್ಣತೆ. ಈ ಪದವನ್ನು ಸಾಬೂನಿನ ಮಟ್ಟಿಗೆ ತಮಗೊಬ್ಬರಿಗೇ ಬಿಟ್ಟುಕೊಡಬೇಕೆಂದು ಕೇಳಿ ಮೇಲಿನ ನ್ಯಾಯಾಲಯದವರೆಗೂ ಹೋದರು. 1909ರಲ್ಲಿ ತೀರ್ಪಾಯಿತು. ಕೊಟ್ಟವರು ಮಾಸ್ಟರ್ ಆಫ್ ದಿ ರೋಲ್ಸ್ ಎಂಬ ಪದವಿಯಲ್ಲಿದ್ದ ಕೋಜೆನ್ಸ್-ಹಾರ್ಡಿ. ಅವರು ಹೇಳಿದ ಮಾತಿನ ಸಾರ ಇದು: ಹಣವಂತ ವ್ಯಾಪಾರಿಗಳಿಗೆ ಇಂಗ್ಲಿಷ್ ಭಾಷೆ ಎಂಬ ಮಹಾ ಗೋಮಾಳದಲ್ಲಿ ಒಂದು ಭಾಗಕ್ಕೆ ಬೇಲಿ ಹಾಕಿಕೊಂಡು, ಇಂದಿನ ಜನರನ್ನೂ ಮುಂದೆ ಬರುವ ಜನರನ್ನೂ ಹೊರಗಿಡುವ ಆತುರ ಸದಾ ಇದ್ದೇ ಇರುತ್ತದೆ. ಅರ್ಜಿ ವಜಾ ಆಯಿತು. ಒಳ್ಳೆಯದು ಎಂದು ಹೊಗಳುವ ಪದ ಎಲ್ಲ ಸಾಬೂನಿನವನಿಗೂ ಬೇಕು. ನಿಜವಾಗಿ ಒಳ್ಳೆಯದೋ ಅಲ್ಲವೋ, ಅದು ಬಟ್ಟೆ ಒಗೆದವರಿಗೆ ಗೊತ್ತು.

ನಾನು 'ಗೋಮಾಳ' ಎಂದದ್ದಕ್ಕೆ ಅವರು ಉಪಯೋಗಿಸಿದ ಇಂಗ್ಲಿಷ್ ಪದ 'ಕಾಮನ್'. ಊರಿಗೆಲ್ಲ ಸೇರಿದ ಹುಲ್ಲುಗಾವಲು ಎಂದರ್ಥ. ನಮ್ಮ ಹಳ್ಳಿಯ ಓದುಗರಿಗೆ ಈ ಉಪಮಾನವನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಗೋಮಾಳ ಯಾರು ಯಾರ ಪಾಲಾಯಿತು ಎಂಬುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಇಂಗ್ಲೆಂಡಿನ ಜನವೂ ಕಂಡಿದ್ದರು. 1604ರಿಂದ 1914ರವರೆಗೆ ಅಲ್ಲಿನ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಬೇಲಿ ಕಾಯಿದೆಗಳನ್ನು ಪಾಸು ಮಾಡಿ, ಸುಮಾರು 68 ಲಕ್ಷ ಎಕರೆಯನ್ನು, ಎಂದರೆ ಇಂಗ್ಲೆಂಡಿನ ನೆಲದಲ್ಲಿ ಐದನೆಯ ಒಂದು ಭಾಗಕ್ಕೂ ಮೀರಿ, ಖಾಸಗಿ ಒಡೆತನಕ್ಕೆ ಒಪ್ಪಿಸಿತು. ಹಸು ಕುರಿ ಮೇಯಿಸುತ್ತಿದ್ದವರು, ಸೌದೆ ಆರಿಸುತ್ತಿದ್ದವರು ಬೆಳಗಾಗುವುದರೊಳಗೆ ಅತಿಕ್ರಮಿಗಳಾದರು. ನ್ಯಾಯಾಧೀಶರು ಈ ಉಪಮಾನವನ್ನು ಬರಿಯ ಅಲಂಕಾರಕ್ಕೆ ಆರಿಸಿಕೊಂಡದ್ದಲ್ಲವೆಂದು ನನಗೆ ತೋರುತ್ತದೆ.

ಅದೇ ಪೀಠದ ಮುಂದೆ ಅದೇ ಕಾಲಕ್ಕೆ ಬಂದಿದ್ದ ಇನ್ನೊಂದು ಅರ್ಜಿ ಹೆಚ್ಚು ಸ್ವಾರಸ್ಯದ್ದು. ಒಬ್ಬ ಬಟ್ಟೆ ವ್ಯಾಪಾರಿ 'ಆರ್ಲ್‌ವೂಲಾ' ಎಂಬ ಪದವನ್ನು ತಾನು ಹೊಸದಾಗಿ ಸೃಷ್ಟಿಸಿದ್ದೇನೆ ಎಂದು ತಂದ. ಕಾಗದದ ಮೇಲೆ ನೋಡಿದರೆ ಏನೋ ಗ್ರೀಕ್ ದೇವತೆಯ ಹೆಸರಿನಂತಿದೆ. ಬಾಯಿಬಿಟ್ಟು ಹೇಳಿ ನೋಡಿ: 'ಆಲ್ ವೂಲ್', ಅಪ್ಪಟ ಉಣ್ಣೆ! ನ್ಯಾಯಾಲಯ ಕೇಳಿತು: ಬಟ್ಟೆ ಅಪ್ಪಟ ಉಣ್ಣೆಯದಾದರೆ ಈ ಮಾತು ಎಲ್ಲ ಉಣ್ಣೆ ವ್ಯಾಪಾರಿಗೂ ಬೇಕು, ಅಲ್ಲದಿದ್ದರೆ ಇದು ಸುಳ್ಳು, ಎರಡರಲ್ಲಿ ಯಾವುದಕ್ಕಾಗಿ ನಿನಗೆ ಕೊಡಬೇಕು? ಕಾಗುಣಿತ ಕೆಡಿಸಿದ ಮಾತ್ರಕ್ಕೆ ಮಾತು ಹೊಸದಾಗುವುದಿಲ್ಲ. ಇಂದಿನ ನಮ್ಮ ಅಂಗಡಿಗಳ ಬೋರ್ಡುಗಳನ್ನು ನೋಡಿದಾಗಲೆಲ್ಲ ನನಗೆ ಆರ್ಲ್‌ವೂಲಾ ನೆನಪಾಗುತ್ತದೆ.

ಇದುವರೆಗೆ ಹೇಳಿದ್ದು ಊರಿನ ಮಾತನ್ನು ಕಂಪನಿ ಹಿಡಿಯಹೊರಟ ಕಥೆ. ಇದಕ್ಕೆ ತಿರುಗುಮುರುಗಾದ ಕಥೆಯೂ ಉಂಟು: ಕಂಪನಿಯ ಮಾತನ್ನು ಊರೇ ಹಿಡಿದುಕೊಂಡದ್ದು. ನಮ್ಮ ತಾಯಿಗೆ ವನಸ್ಪತಿ ಎಂಬ ಪದ ಬಾಯಿಗೆ ಬರುತ್ತಲೇ ಇರಲಿಲ್ಲ. ಡಬ್ಬಿಯ ಮೇಲೆ ಏನೇ ಬರೆದಿರಲಿ, ಅವರಿಗೆ ಅದು ಡಾಲ್ಡಾ. ಊರೂರಿನ ತಾಲ್ಲೂಕು ಕಚೇರಿಯ ಎದುರು 'ಜೆರಾಕ್ಸ್ ಅಂಗಡಿ' ಇದೆ. ಒಳಗಿನ ಯಂತ್ರ ಯಾವ ದೇಶದ್ದೋ, ಯಾರು ಮಾಡಿದ್ದೋ, ಯಾರಿಗೆ ಬೇಕು? ಕಂಪನಿಗೆ ಇದು ಮೊದಲು ಹೆಮ್ಮೆ, ಆಮೇಲೆ ಹೆದರಿಕೆ. ಏಕೆಂದರೆ ಗುರುತು ವಸ್ತುವಿನ ಹೆಸರೇ ಆಗಿಹೋದರೆ ಅದು ಇನ್ನು ಯಾರ ಗುರುತೂ ಅಲ್ಲ.

ಈ ಗತಿ ಮೊಟ್ಟಮೊದಲು ಕಂಡವುಗಳಲ್ಲಿ 'ಲಿನೋಲಿಯಂ' ಒಂದು. ಅಗಸೆ ಎಣ್ಣೆಯಿಂದ ನೆಲಹಾಸು ಮಾಡುವ ವಿಧಾನವನ್ನು ಫ್ರೆಡರಿಕ್ ವಾಲ್ಟನ್ ಎಂಬಾತ 1863ರಲ್ಲಿ ಪೇಟೆಂಟು ಮಾಡಿಸಿ, ಲ್ಯಾಟಿನ್ ಪದಗಳನ್ನು ಜೋಡಿಸಿ ಹೆಸರಿಟ್ಟ. ಪೇಟೆಂಟು ಮುಗಿದ ಮೇಲೆ ಸ್ಕಾಟ್ಲೆಂಡಿನ ನೇರ್ನ್ ಕಂಪನಿಯವರು ಅದೇ ನೆಲಹಾಸನ್ನು ಅದೇ ಹೆಸರಿನಲ್ಲಿ ಮಾಡತೊಡಗಿದರು. ವಾಲ್ಟನ್ನನ ಕಂಪನಿ ದಾವೆ ಹಾಕಿ 1878ರಲ್ಲಿ ಸೋತಿತು. ಆ ವಸ್ತುವಿಗೆ ಬೇರೆ ಹೆಸರೇ ಇಲ್ಲ. ವಸ್ತು ಮಾಡುವ ಹಕ್ಕು ಎಲ್ಲರದಾದ ಮೇಲೆ ಅದನ್ನು ಕರೆಯುವ ಹಕ್ಕು ಒಬ್ಬನದಾಗಿ ಉಳಿಯುವುದು ಹೇಗೆ?

ಆಸ್ಪಿರಿನ್ನಿನ ಕಥೆಯಲ್ಲಿ ಮಹಾಯುದ್ಧವೇ ಬರುತ್ತದೆ. ಜರ್ಮನಿಯ ಬೇಯರ್ ಕಂಪನಿ 1899ರಲ್ಲಿ ಈ ಹೆಸರನ್ನು ದಾಖಲು ಮಾಡಿಸಿತು. ಔಷಧಿಯ ನಿಜವಾದ ಹೆಸರು ಅಸಿಟೈಲ್‌ಸ್ಯಾಲಿಸಿಲಿಕ್ ಆಸಿಡ್. ತಲೆನೋವು ಬಂದವನು ಅದನ್ನು ಅಂಗಡಿಯಲ್ಲಿ ಹೇಳಿ ಮುಗಿಸುವುದರೊಳಗೆ ನೋವು ಇಮ್ಮಡಿಯಾದೀತು. ಅಮೆರಿಕದಲ್ಲಿ ಬೇಯರ್ 1915ರವರೆಗೂ ಬಹುಮಟ್ಟಿಗೆ ಪುಡಿಯನ್ನು ಮಾತ್ರೆ ಮಾಡುವವರಿಗೆ ಮಾರುತ್ತಿತ್ತು. ಅವರು ಮಾತ್ರೆ ಮಾಡಿ ತಮ್ಮ ತಮ್ಮ ಹೆಸರಿನಲ್ಲಿ ಆಸ್ಪಿರಿನ್ ಎಂದು ಮಾರುತ್ತಿದ್ದರು. ಕೊಂಡ ಜನಕ್ಕೆ ಬೇಯರ್ ಎಂಬವರಿದ್ದಾರೆಂದು ತಿಳಿಯುವುದಾದರೂ ಹೇಗೆ? 1917ರಲ್ಲಿ ಪೇಟೆಂಟು ಮುಗಿಯಿತು. ಅದೇ ವರ್ಷ ಅಮೆರಿಕ ಯುದ್ಧಕ್ಕಿಳಿಯಿತು. ಶತ್ರುದೇಶದ ಸ್ವತ್ತೆಂದು ಅಲ್ಲಿನ ಬೇಯರ್ ಶಾಖೆಯನ್ನು ವಶಪಡಿಸಿಕೊಂಡು, 1918ರ ಡಿಸೆಂಬರಿನಲ್ಲಿ ಹರಾಜು ಕೂಗಿದರು. ಸ್ಟರ್ಲಿಂಗ್ ಎಂಬ ಕಂಪನಿ 53 ಲಕ್ಷ ಡಾಲರಿಗೆ ಕೊಂಡಿತು. ಕಾರ್ಖಾನೆಯ ಜೊತೆಗೆ ಒಂದು ಪದವೂ ಹರಾಜಾಯಿತು.

ಕೊಂಡ ಪದ ಕೈಗೆ ದಕ್ಕಲಿಲ್ಲ. 1921ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ಒಂದು ಸರಳವಾದ ಪ್ರಶ್ನೆ ಕೇಳಿದರು: ಕೊಳ್ಳುವವನು ಈ ಮಾತನ್ನು ಯಾವ ಅರ್ಥದಲ್ಲಿ ಆಡುತ್ತಾನೆ? ವೈದ್ಯರಿಗೂ ಔಷಧ ವ್ಯಾಪಾರಿಗಳಿಗೂ ಅದು ಬೇಯರನ ಗುರುತೆಂದು ಗೊತ್ತಿರಬಹುದು. ಜನಸಾಮಾನ್ಯನಿಗೆ ಅದು ಮಾತ್ರೆಯ ಹೆಸರು. ಆದ್ದರಿಂದ ಜನಕ್ಕೆ ಮಾರುವಾಗ ಯಾರು ಬೇಕಾದರೂ ಆಸ್ಪಿರಿನ್ ಎನ್ನಬಹುದು. ಈ ಒಂದು ಪ್ರಶ್ನೆಯಲ್ಲಿ ಭಾಷೆಯ ಒಡೆಯ ಯಾರು ಎಂಬುದಕ್ಕೆ ಉತ್ತರವೂ ಅಡಗಿದೆ ಎಂದು ನನ್ನ ಭಾವನೆ. ಪದವನ್ನು ಹುಟ್ಟಿಸಿದವನನ್ನು ಕೇಳಲಿಲ್ಲ, ಕೊಂಡವನನ್ನೂ ಕೇಳಲಿಲ್ಲ, ಆಡುವವನನ್ನು ಕೇಳಿದರು. ಹಾಗೆಂದು ಎಲ್ಲ ಕಡೆಯೂ ಇದೇ ನ್ಯಾಯವೆಂದು ತಿಳಿಯಬೇಡಿ. ಕೆನಡಾದಲ್ಲಿ ಇಂದಿಗೂ ಆ ಹೆಸರು ಬೇಯರನದೇ. ಅಮೆರಿಕದ ಡೆಟ್ರಾಯಿಟಿಗೂ ಕೆನಡಾದ ವಿಂಡ್ಸರಿಗೂ ನಡುವೆ ಒಂದು ನದಿಯಷ್ಟೇ ಅಡ್ಡ. ಈ ದಡದಲ್ಲಿ ಊರಿನ ಮಾತು, ಆ ದಡದಲ್ಲಿ ಕಂಪನಿಯ ಆಸ್ತಿ.

ಥರ್ಮಾಸಿನದು ಇದಕ್ಕಿಂತ ನಗೆ ತರುವ ಪ್ರಸಂಗ. ಬಿಸಿಯನ್ನು ಬಿಸಿಯಾಗಿಯೇ ಇಡುವ ಆ ಸೀಸೆಯನ್ನು 1892ರಲ್ಲಿ ಕಂಡುಹಿಡಿದ ವಿಜ್ಞಾನಿ ಜೇಮ್ಸ್ ಡ್ಯುವರ್ ಪೇಟೆಂಟು ಮಾಡಿಸಲೇ ಇಲ್ಲ. ಜರ್ಮನರು ಹೆಸರಿಟ್ಟರು, 1907ರಿಂದ ಅಮೆರಿಕದ ಕಂಪನಿ ಮಾರಿತು. ಥರ್ಮಾಸ್ ಮನೆಮಾತಾಗಿದೆಯೆಂದು 1910ರ ವೇಳೆಗೇ ಆ ಕಂಪನಿ ತಾನಾಗಿ ಜಂಬ ಕೊಚ್ಚಿಕೊಂಡಿತ್ತು. ಅರ್ಧ ಶತಮಾನದ ಮೇಲೆ ಅಲ್ಲಾದಿನ್ ಎಂಬ ಇನ್ನೊಂದು ಕಂಪನಿ ಅದೇ ಪದವನ್ನು ಉಪಯೋಗಿಸಹೊರಟಾಗ, ಆ ಹಳೆಯ ಜಂಬವೇ ಸಾಕ್ಷಿಯಾಗಿ ಬಂದು ನಿಂತಿತು. ಆ ಸೀಸೆಯ ಪರಿಚಯವುಳ್ಳ ವಯಸ್ಕರಲ್ಲಿ ನೂರಕ್ಕೆ ಸುಮಾರು 75 ಮಂದಿ ಅದನ್ನು ಥರ್ಮಾಸ್ ಎಂದೇ ಕರೆಯುತ್ತಾರೆ, ಅದು ಒಂದು ಕಂಪನಿಯ ಗುರುತೆಂದು ಬಲ್ಲವರು 12 ಮಂದಿ ಮಾತ್ರ, ಎಂದು ವಿಚಾರಣೆಯಲ್ಲಿ ತಿಳಿದುಬಂತು. 1963ರಲ್ಲಿ ಮೇಲಿನ ನ್ಯಾಯಾಲಯವೂ ಪದ ಜನರದೆಂದು ಹೇಳಿತು. ಆದರೆ ಹಳೆಯ ಕಂಪನಿಗೂ ಅಷ್ಟು ಸಮಾಧಾನವಾಗಲೆಂದು, ದೊಡ್ಡಕ್ಷರದಿಂದ ಶುರುವಾಗುವ ಥರ್ಮಾಸ್ ಅವರಿಗೇ ಇರಲಿ, ಅಲ್ಲಾದಿನ್‌ನವರು ಸಣ್ಣಕ್ಷರದಲ್ಲಿ ಬರೆಯಲಿ ಎಂದಿತು! ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರವೆಂಬ ಭೇದವಿಲ್ಲ. ಈ ತೀರ್ಪನ್ನು ಕನ್ನಡದಲ್ಲಿ ಪಾಲಿಸುವುದು ಬ್ರಹ್ಮನಿಗೂ ಅಸಾಧ್ಯ.

ನಮ್ಮ ದೇಶದಲ್ಲಿ ಟ್ರೇಡ್ ಮಾರ್ಕಿನ ಮೊದಲ ಕಾಯಿದೆ 1940ರದು, ಆಮೇಲೆ 1958ರದು, ಈಗ ನಡೆಯುತ್ತಿರುವುದು 1999ರಲ್ಲಿ ಪಾಸಾಗಿ 2003ರಲ್ಲಿ ಜಾರಿಗೆ ಬಂದದ್ದು. ಮೂಲ ಇಂಗ್ಲೆಂಡಿನದಾದ್ದರಿಂದ ಗೋಮಾಳದ ನ್ಯಾಯವೂ ಜೊತೆಯಲ್ಲಿ ಬಂದಿದೆ. ಸಿಗರೇಟಿಗೆ 'ಸಿಮ್ಲಾ' ಎಂಬ ಹೆಸರನ್ನು ಮೀಸಲು ಮಾಡಿಕೊಳ್ಳಹೋದ ಇಂಪೀರಿಯಲ್ ಟೊಬ್ಯಾಕೊ ಕಂಪನಿಗೆ ಕಲ್ಕತ್ತೆಯ ಹೈಕೋರ್ಟು 1977ರಲ್ಲಿ ಆಗದೆಂದಿತು. ಒಂದು ಪ್ರಸಿದ್ಧ ಊರಿನ ಹೆಸರು ಒಬ್ಬರದಾಗದು. ಪಟ್ನಾದ ಒಬ್ಬ ವ್ಯಾಪಾರಿ ಅಗರಬತ್ತಿಗೆ 'ರಾಮಾಯಣ' ಎಂಬ ಹೆಸರನ್ನು ತನ್ನದು ಮಾಡಿಕೊಳ್ಳಹೊರಟಿದ್ದ. 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ವಾಲ್ಮೀಕಿ ಯಾರನ್ನೂ ತಡೆಯದೆ ಬಿಟ್ಟುಹೋದದ್ದಕ್ಕೆ ಅಗರಬತ್ತಿಯವನು ಕಾವಲು ಕೂರುವುದುಂಟೆ? ಎಲ್ಲವೂ ಒಂದೇ ದಿಕ್ಕಿಗೆ ಹೋಯಿತೆಂದಲ್ಲ. ಜೆರಾಕ್ಸ್ ಎಂಬುದು ಜನರ ಮಾತಾಗಿಹೋಗಿದೆ, ದಫ್ತರಿನಿಂದ ತೆಗೆಯಿರಿ ಎಂಬ ಮನವಿಯನ್ನು ಅಂದಿನ ಬೌದ್ಧಿಕ ಸ್ವತ್ತಿನ ಮೇಲ್ಮನವಿ ಮಂಡಳಿ 2012ರಲ್ಲಿ ವಜಾ ಮಾಡಿತು. ಆ ಮಂಡಳಿಯನ್ನೇ 2021ರಲ್ಲಿ ರದ್ದು ಮಾಡಿದ್ದಾರೆ. ಗುರುತು ಉಳಿದಿದೆ, ತಾಲ್ಲೂಕು ಕಚೇರಿಯ ಎದುರಿನ ಬೋರ್ಡುಗಳೂ ಉಳಿದಿವೆ.

ಇಷ್ಟನ್ನು ಓದಿಕೊಂಡು ನಾನು ಬಹಳ ಹುರುಪಿನಿಂದ ಮೈಸೂರಿಗೆ ಹೋದೆ. "ಅತ್ತಿಗೆ, ನ್ಯಾಯ ನಿಮ್ಮ ಕಡೆ ಇದೆ. 1909ರಲ್ಲೇ ತೀರ್ಮಾನವಾಗಿದೆ" ಎಂದು ಕೋಜೆನ್ಸ್-ಹಾರ್ಡಿಯವರ ಮಾತನ್ನು ಕನ್ನಡ ಮಾಡಿ ಹೇಳಿದೆ. ಅವರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದವರು, ತಲೆಯೆತ್ತದೆಯೇ ಕೇಳಿದರು: "ಎಷ್ಟು ಖರ್ಚಾಗತ್ತೆ? ಎಷ್ಟು ದಿನ ಆಗತ್ತೆ?"

ಇದಕ್ಕೂ ಚರಿತ್ರೆಯಲ್ಲಿ ಉತ್ತರವುಂಟು, ದೂರ ಹೋಗಬೇಕಾಗಿಲ್ಲ. ನಮ್ಮ ರಾಜ್ಯದ ಹಾಲು ಉತ್ಪಾದಕರ ಮಹಾಮಂಡಲ 1985ರಿಂದ ಹಾಲಿಗೆ 'ನಂದಿನಿ' ಎಂಬ ಹೆಸರಿಟ್ಟಿದೆ. 1989ರಿಂದ ಬೆಂಗಳೂರಿನಲ್ಲಿ 'ನಂದಿನಿ ಡಿಲಕ್ಸ್' ಎಂಬ ಹೋಟೆಲು ನಡೆಯುತ್ತಿದೆ. ಹೋಟೆಲಿನವರು ತಮ್ಮ ಹೆಸರನ್ನು ದಾಖಲು ಮಾಡಿಸಹೊರಟಾಗ ಮಹಾಮಂಡಲ ಅಡ್ಡಿ ಹೇಳಿತು. 2007ರಲ್ಲಿ ದಫ್ತರಿನವರು ಹೋಟೆಲಿನ ಪರವಾಗಿ ಹೇಳಿದರು. 2011ರಲ್ಲಿ ಮೇಲ್ಮನವಿ ಮಂಡಳಿ ಅದನ್ನು ತಿರುಗಿಸಿತು. 2014ರಲ್ಲಿ ನಮ್ಮ ಹೈಕೋರ್ಟು ಮಂಡಳಿಯ ಮಾತೇ ಸರಿ ಎಂದಿತು. 2018ರ ಜುಲೈ 26ರಂದು ಸುಪ್ರೀಂ ಕೋರ್ಟು ಎಲ್ಲವನ್ನೂ ಮತ್ತೆ ತಿರುಗಿಸಿ, ನಂದಿನಿ ಎಂಬುದು ದೇವತೆಯ ಹೆಸರು, ಪುರಾಣದ ಹಸುವಿನ ಹೆಸರು, ಯಾರೂ ಹೊಸದಾಗಿ ಹುಟ್ಟಿಸಿದ್ದಲ್ಲ. ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ಉಳಿದದ್ದಕ್ಕೆ ಹೋಟೆಲಿನವರೂ ಇಟ್ಟುಕೊಳ್ಳಬಹುದು ಎಂದಿತು. ದಿನಾ ಬೆಳಗ್ಗೆ ಆ ಹಾಲಿನ ಕಾಫಿ ಕುಡಿಯುವವನು ನಾನು. ರೈತರ ಆ ಸಂಸ್ಥೆಯ ಮೇಲೆ ನನಗೆ ಮಮತೆಯೇ ಹೊರತು ಬೇರೇನಿಲ್ಲ. ಆದರೂ ಒಂದು ಮಾತು ತೋಚುತ್ತದೆ. ನಂದಿನಿ ವಸಿಷ್ಠರ ಆಶ್ರಮದ ಆಕಳು. ದಿಲೀಪ ಮಹಾರಾಜ ಹಿಂದೆ ಹಿಂದೆಯೇ ತಿರುಗಿ ಬಯಲಿನಲ್ಲಿ ಮೇಯಿಸಿದ್ದು ಅವಳನ್ನು. ಕೊನೆಗೆ ಆ ಆಕಳ ಹೆಸರಿಗೇ ಬೇಲಿಯ ಜಗಳ, ಅದೂ ದಫ್ತರಿನ ತೀರ್ಮಾನದಿಂದ ಎಣಿಸಿದರೂ ಹನ್ನೊಂದು ವರ್ಷ.

ನಾನು ಹೇಳಿದ ಗೆಲುವುಗಳನ್ನೆಲ್ಲ ಮತ್ತೊಮ್ಮೆ ನೋಡಿದೆ. ನೇರ್ನ್, ಅಲ್ಲಾದಿನ್, ಹೋಟೆಲಿನವರು: ಗೋಮಾಳವನ್ನು ಊರಿಗೆ ಉಳಿಸಿಕೊಟ್ಟವರೆಲ್ಲ ಹನ್ನೊಂದು ವರ್ಷ ಕಾಯುವ ಶಕ್ತಿಯಿದ್ದವರೇ. ಅಮೆರಿಕದಲ್ಲಿ ಈಚೆಗೆ ನಡೆದ ಒಂದು ಸಂಗತಿ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಅಲ್ಲಿ ಮಂಗಳವಾರ ಟಾಕೋ ಎಂಬ ಮೆಕ್ಸಿಕೋ ದೇಶದ ತಿಂಡಿ ತಿನ್ನುವ ರೂಢಿಗೆ 'ಟಾಕೋ ಟ್ಯೂಸ್‌ಡೇ' ಎನ್ನುತ್ತಾರೆ. ನಾವು ಶನಿವಾರದ ಉಪ್ಪಿಟ್ಟು ಎಂದಂತೆ. ವಯೋಮಿಂಗ್ ಪ್ರಾಂತದ ಟಾಕೋ ಜಾನ್ಸ್ ಎಂಬ ಕಂಪನಿ 1989ರಲ್ಲಿ ಈ ಮಾತನ್ನು ತನ್ನ ಹೆಸರಿಗೆ ಬರೆಸಿಕೊಂಡಿತು. ಆಮೇಲೆ ಸಣ್ಣಪುಟ್ಟ ಹೋಟೆಲುಗಳಿಗೆಲ್ಲ ವಕೀಲರ ಕಾಗದ; 2019ರಲ್ಲಿ ತನ್ನದೇ ಊರಾದ ಶಯೆನ್‌ನ ಒಂದು ಪುಟ್ಟ ಬಿಯರ್ ಅಂಗಡಿಗೂ ಒಂದು ಕಾಗದ. ಮೂವತ್ತು ವರ್ಷಕ್ಕೂ ಮೀರಿ ಬೇಲಿ ನಿಂತಿತ್ತು. 2023ರ ಮೇ ತಿಂಗಳಲ್ಲಿ ಟಾಕೋ ಬೆಲ್ ಎಂಬ ಅದಕ್ಕಿಂತ ಎಷ್ಟೋ ದೊಡ್ಡ ಕಂಪನಿ ಈ ದಾಖಲೆ ರದ್ದಾಗಲೆಂದು ಅರ್ಜಿ ಹಾಕಿತು. ಜುಲೈನಲ್ಲಿ ಟಾಕೋ ಜಾನ್ಸ್ ಕೈಬಿಟ್ಟಿತು. ಮೊಕದ್ದಮೆ ನಡೆಸುವ ಖರ್ಚು ತನಗೆ ಕಟ್ಟದೆಂದು ಅದು ಹೇಳಿಕೊಂಡ ಕಾರಣ. ಕಾಗದ ಬಂದಾಗ ಆ ಸಣ್ಣ ಹೋಟೆಲಿನವರು ಮಾಡಿದ್ದೂ ಇದೇ ಲೆಕ್ಕವನ್ನಲ್ಲವೆ?

ಬೇಲಿ ಕಾನೂನಿನಲ್ಲಿ ನಿಲ್ಲುವುದೋ ಇಲ್ಲವೋ ಎಂಬುದು ಕೊನೆಯವರೆಗೆ ಹೋದವನಿಗೆ ತಿಳಿಯುವ ವಿಷಯ. ಮಿಕ್ಕವರಿಗೆ ನಾಲ್ಕು ಪುಟದ ಕಾಗದವೇ ಬೇಲಿ. ಅಣ್ಣನಿಗೆ ಪರಿಚಯದ ವಕೀಲರೊಬ್ಬರೂ ಅದನ್ನೇ ಹೇಳಿದರು: "ಗೆಲ್ಲಬಹುದು ಅಮ್ಮ. ಗೆಲ್ಲುವಷ್ಟರಲ್ಲಿ ನೀವು ಎಷ್ಟು ಕ್ವಿಂಟಾಲು ಪುಡಿ ಮಾರಬೇಕಾಗುತ್ತದೋ ಲೆಕ್ಕ ಹಾಕಿಕೊಳ್ಳಿ." ಅತ್ತಿಗೆ ಲೆಕ್ಕ ಹಾಕಿದರು. ಲೆಕ್ಕದಲ್ಲಿ ಅವರು ಯಾವಾಗಲೂ ನಮಗಿಂತ ಮುಂದು.

ಅಚ್ಚಾಗಿ ಬಂದಿದ್ದ ಎಂಟುನೂರು ಚೀಟಿಗಳು ಅಟ್ಟ ಸೇರಿದವು. ತುಂಬಿಟ್ಟಿದ್ದ ಪೊಟ್ಟಣಗಳ ಮೇಲೆ ಅಣ್ಣನೂ ನಾನೂ ಎರಡು ದಿನ ಕುಳಿತು ಆ ಪದದ ಮೇಲೆ ಬಿಳಿಯ ಕಾಗದದ ಪಟ್ಟಿ ಅಂಟಿಸಿದೆವು. ಹೊಸ ಹೆಸರು ಯೋಚಿಸಿ ಎಂದು ನನಗೇ ವಹಿಸಿದ್ದರು. ನಾನು ಹೇಳಿದ ಐದಾರು ಹೆಸರುಗಳನ್ನು ಮೊಮ್ಮಗಳು ಫೋನಿನಲ್ಲಿ ಹುಡುಕಿ, ಪ್ರತಿಯೊಂದೂ ಆಗಲೇ ಯಾರದ್ದೋ ಆಗಿದೆ ಎಂದು ತೋರಿಸಿದಳು. ಸದ್ಯಕ್ಕೆ ಬಿಳಿಯ ಪಟ್ಟಿಯ ಜಾಗ ಖಾಲಿಯೇ ಇದೆ. ಮೊನ್ನೆ ನಾನು ಅಲ್ಲಿದ್ದಾಗಲೇ ಪಕ್ಕದ ಬೀದಿಯ ಹೆಂಗಸೊಬ್ಬರು ಬಂದು, ಬಾಗಿಲಲ್ಲೇ ನಿಂತು, ಹಳೆಯ ಹೆಸರನ್ನು ಬಾಯಿತುಂಬ ಹೇಳಿ ಕಾಲು ಕಿಲೋ ಕೇಳಿದರು. ಅತ್ತಿಗೆ ಪೊಟ್ಟಣ ಕೊಡುತ್ತ, "ಈಗ ಅದರ ಹೆಸರು ಹಾಗಲ್ಲಮ್ಮ" ಎಂದರು. "ಮತ್ತೇನು?" ಎಂದು ಆಕೆ ಕೇಳಿದರು. "ಇನ್ನೂ ಇಟ್ಟಿಲ್ಲ. ಪುಡಿ ಅದೇ" ಎಂದು ಚಿಲ್ಲರೆ ಎಣಿಸಿಕೊಟ್ಟರು.